ನವರಾತ್ರಿಯಿಂದ ಯುಗಾದಿಯವರೆಗೆ: ಉತ್ತರದ ದೇಶಗಳಲ್ಲಿ ಚಳಿಗಾಲದ ಖಿನ್ನತೆಯನ್ನು ಹಂತಹಂತವಾಗಿ ಎದುರಿಸುವ ಕ್ರಮ

ಸ್ಟಾಕ್‌ಹೋಮ್‌ನಲ್ಲಿರುವ ನನ್ನ ಪರಿಚಯದ ಕನ್ನಡಿಗರು ಪ್ರತಿ ಜನವರಿಯಲ್ಲೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬೆಳಕಿನ ಪೆಟ್ಟಿಗೆ ತಂದು ಎರಡು ವಾರ ಉರಿಸಿದೆ, ಏನೂ ಪ್ರಯೋಜನವಾಗಲಿಲ್ಲವಲ್ಲ?" ಹಗಲಿನಂತೆ ಪ್ರಖರ ಬೆಳಕು ಕೊಡುವ ಆ ದೀಪವನ್ನು ಎಷ್ಟು ಹೊತ್ತಿಗೆ ಉರಿಸಿದಿರಿ, ಅದು ಮುಖದಿಂದ ಎಷ್ಟು ದೂರದಲ್ಲಿತ್ತು, ಶನಿವಾರ ಭಾನುವಾರ ಎಷ್ಟು ಗಂಟೆಗೆ ಎದ್ದಿರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಸಾಮಾನ್ಯವಾಗಿ ಕಾರಣ ಅಲ್ಲಿಯೇ ಸಿಕ್ಕಿಬಿಡುತ್ತದೆ. ರಾತ್ರಿ ಊಟವಾದ ಮೇಲೆ ಟಿವಿಯ ಪಕ್ಕದಲ್ಲಿಟ್ಟು ಉರಿಸಿದವರಿದ್ದಾರೆ, ನಾಲ್ಕು ದಿನ ಕೂತು ಐದನೆಯ ದಿನ ಬೇಸತ್ತು ಅಟ್ಟಕ್ಕೇರಿಸಿದವರಿದ್ದಾರೆ. ನಾನೇ ನನ್ನ ಮೊದಲ ಚಳಿಗಾಲದಲ್ಲಿ ಅದನ್ನು ಪುಸ್ತಕದ ಕಪಾಟಿನ ನೆತ್ತಿಯ ಮೇಲಿಟ್ಟು, ಕೋಣೆಯೆಲ್ಲ ಬೆಳಗಿತಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೆ.

ಏನು ಮಾಡಬೇಕೆಂದು ಗೊತ್ತಿಲ್ಲದೆ ಸೋಲುವವರು ಕಡಿಮೆ, ಕ್ರಮ ತಪ್ಪಿ ಸೋಲುವವರೇ ಹೆಚ್ಚು. ಆದ್ದರಿಂದ ಇಲ್ಲಿ ಕ್ರಮಕ್ಕೇ ಹೆಚ್ಚಿನ ಒತ್ತು ಕೊಟ್ಟಿದ್ದೇನೆ. ಉದಾಹರಣೆಗಳು ಸ್ವೀಡನ್ನಿನವು. ಫಿನ್ಲೆಂಡ್, ನಾರ್ವೆ, ಸ್ಕಾಟ್‌ಲೆಂಡ್, ಕೆನಡಾಗಳಲ್ಲಿರುವವರು ತಮ್ಮ ಊರಿನ ಸೂರ್ಯೋದಯಕ್ಕೆ ತಕ್ಕಂತೆ ಹೊತ್ತನ್ನು ಹೊಂದಿಸಿಕೊಂಡರೆ ಸಾಕು. ಇದು ವೈದ್ಯರ ಸಲಹೆಯ ಜೊತೆಗೆ ಬಳಸಬೇಕಾದ ಬರಹ, ಅದರ ಬದಲಿಗೆ ಬಳಸುವಂಥದ್ದಲ್ಲ.

## ಆರಂಭಿಸುವ ಮುನ್ನ: ಬೆಳಕು ಇಲ್ಲಿ ಮದ್ದಿನಂತೆ ಏಕೆ

ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ 20 ನಿಮಿಷಗಳಷ್ಟಿರುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಬೆಳಿಗ್ಗೆ 8:45ರ ಹೊತ್ತಿಗೆ ಹುಟ್ಟಿ ಮಧ್ಯಾಹ್ನ 2:50ರೊಳಗೆ ಮುಳುಗುತ್ತಾನೆ. ನಡುಮಧ್ಯಾಹ್ನದಲ್ಲಿಯೂ ಅವನು ದಿಗಂತದಿಂದ 7 ಡಿಗ್ರಿಯಷ್ಟೇ ಮೇಲಿರುತ್ತಾನೆ, ಅದೂ ಮೋಡವಿಲ್ಲದಿದ್ದರೆ ಕಾಣುವ ಮಾತು.

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕೆ ನೆರವಾಗುವ ಕೋಶಗಳಲ್ಲದೆ, ಹೊತ್ತನ್ನು ತಿಳಿಯುವುದಕ್ಕೆಂದೇ ಕೆಲವು ಕೋಶಗಳಿವೆ. ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಈ ಕೋಶಗಳು ಬೆಳಗಿನ ಪ್ರಖರ ಬೆಳಕನ್ನು ಗ್ರಹಿಸಿ ಮೆದುಳಿನ ಒಳಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ, ಆಗ ನಿದ್ರೆಯ ಹೊತ್ತನ್ನು ಸಾರುವ ಮೆಲಟೋನಿನ್ ಸ್ರಾವ ತಗ್ಗುತ್ತದೆ. ಈ ಸುದ್ದಿ ವಾರಗಟ್ಟಲೆ ಬರದೇ ಹೋದರೆ ಒಳಗಡಿಯಾರ ದಿನದಿಂದ ದಿನಕ್ಕೆ ಹಿಂದೆ ಬೀಳುತ್ತದೆ, ಏಳು ಗಂಟೆಗೆ ಅಲಾರಾಂ ಹೊಡೆದಾಗಲೂ ದೇಹದ ಲೆಕ್ಕದಲ್ಲಿ ಇನ್ನೂ ನಡುರಾತ್ರಿಯೇ ಆಗಿರುತ್ತದೆ. ಚಳಿಗಾಲದ ಖಿನ್ನತೆಗೆ ಇದೊಂದೇ ಕಾರಣವಲ್ಲ, ಆದರೆ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ಬೆಳಕಿನ ಅಳತೆ ಲಕ್ಸ್. ಮನೆಯ ಹಜಾರದಲ್ಲಿ ಸಂಜೆಯ ದೀಪದ ಬೆಳಕು 100ರಿಂದ 300 ಲಕ್ಸ್ ಇದ್ದರೆ, ಕಚೇರಿಯ ಮೇಜಿನ ಮೇಲೆ ಸುಮಾರು 500 ಇರುತ್ತದೆ. ಮೋಡ ಕವಿದ ಚಳಿಗಾಲದ ನಡುಹಗಲಿನಲ್ಲಿ ಕೂಡ ಹೊರಗೆ ಸಾವಿರಾರು ಲಕ್ಸ್ ಸಿಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಕಣ್ಣು ಬೇಗನೆ ಹೊಂದಿಕೊಳ್ಳುವುದರಿಂದ ಒಳಗಿನ 300 ಲಕ್ಸ್ ನಮಗೆ ಸಾಕಷ್ಟು ಬೆಳಕೆಂದು ತೋರುತ್ತದೆಯಾದರೂ ಒಳಗಡಿಯಾರ ಅದನ್ನು ಹಗಲೆಂದು ಒಪ್ಪುವುದಿಲ್ಲ.

## ಬೇಕಾಗುವ ಸಲಕರಣೆಗಳು

10,000 ಲಕ್ಸ್ ಕೊಡುವ ಬೆಳಕಿನ ಪೆಟ್ಟಿಗೆ, ಒಂದು ಅಳತೆ ಟೇಪು, ಮೊಬೈಲ್ ಅಲ್ಲದ ಒಂದು ಅಲಾರಾಂ ಗಡಿಯಾರ, ಒಂದು ಸಾಧಾರಣ ನೋಟ್‌ಬುಕ್. ಹೊರಗೆ ನಡೆಯುವುದಕ್ಕೆ ಉಣ್ಣೆಯ ಒಳಉಡುಪು, ಬೂಟಿಗೆ ತೊಡಿಸುವ ಮುಳ್ಳಿನ ಪಟ್ಟಿ (ಸ್ವೀಡನ್ನಿನಲ್ಲಿ ಇದಕ್ಕೆ ಬ್ರೊದ್ದರ್ ಎನ್ನುತ್ತಾರೆ), ಕತ್ತಲಲ್ಲಿ ವಾಹನದ ದೀಪಕ್ಕೆ ಹೊಳೆಯುವ ರಿಫ್ಲೆಕ್ಸ್ ಪಟ್ಟಿ. ಮೊಬೈಲಿನ ಲಕ್ಸ್ ಅಳೆಯುವ ಆ್ಯಪ್‌ಗಳು ಅಂದಾಜಿಗೆ ಮಾತ್ರ ಸರಿ, ಅವುಗಳ ಅಂಕಿಯನ್ನು ನೆಚ್ಚಿಕೊಂಡು ತೀರ್ಮಾನಕ್ಕೆ ಬರಬಾರದು.

## ಹಂತ 1: ಇದು ಚಳಿಗಾಲದ ಖಿನ್ನತೆಯೇ ಎಂದು ನೋಡಿಕೊಳ್ಳುವುದು (ಆಗಸ್ಟ್ ಅಥವಾ ಸೆಪ್ಟೆಂಬರ್)

ಚಳಿಗಾಲದ ಖಿನ್ನತೆಗೆ ಒಂದು ವಿಶಿಷ್ಟ ಚಹರೆಯಿದೆ. ಸಾಮಾನ್ಯ ಖಿನ್ನತೆಯಲ್ಲಿ ಹಲವರಿಗೆ ನಿದ್ರೆ ಬಾರದು, ಊಟ ಸೇರದು. ಇಲ್ಲಿ ಅದಕ್ಕೆ ವಿರುದ್ಧವಾಗಿ ಹತ್ತು ಗಂಟೆ ಮಲಗಿದರೂ ನಿದ್ರೆ ಸಾಲದು, ಅನ್ನ, ಬ್ರೆಡ್ಡು, ಸಿಹಿ, ಕರಿದ ತಿಂಡಿಗಳ ಮೇಲೆ ಆಸೆ ಹೆಚ್ಚುತ್ತದೆ, ತೂಕ ಏರುತ್ತದೆ, ಕೈಕಾಲು ಸೀಸದಂತೆ ಭಾರವಾಗುತ್ತವೆ, ಯಾರ ಫೋನನ್ನೂ ಎತ್ತಲು ಮನಸ್ಸಾಗುವುದಿಲ್ಲ. ಸತತ ಎರಡು ವರ್ಷವಾದರೂ ಇದು ಅದೇ ಋತುವಿನಲ್ಲಿ ಬಂದು ವಸಂತದಲ್ಲಿ ತಾನಾಗಿ ಹೋಗಿದ್ದರೆ ಮಾತ್ರ ವೈದ್ಯರು ಋತುಮಾನದ ಖಿನ್ನತೆ ಎಂದು ಹೆಸರಿಡುತ್ತಾರೆ.

ಮೊದಲ ಚಳಿಗಾಲದಲ್ಲಿರುವ ಹೊಸಬರು ಇಲ್ಲಿ ಎಡವುತ್ತಾರೆ. ಊರು ಬಿಟ್ಟ ನೋವು, ಕೆಲಸದ ಒತ್ತಡ, ಸಂಗಾತಿಯ ವೀಸಾದ ಮೇಲೆ ಬಂದು ಇಡೀ ದಿನ ಮನೆಯಲ್ಲಿ ಒಬ್ಬರೇ ಕೂರಬೇಕಾದ ಸ್ಥಿತಿ, ಇವು ಕೂಡ ಇಂಥದೇ ಲಕ್ಷಣಗಳನ್ನು ತರಬಲ್ಲವು. ಬಾಣಂತಿಯಲ್ಲಿ ಇಂಥ ಲಕ್ಷಣ ಕಂಡರೆ ಅದನ್ನು ಚಳಿಯ ಲೆಕ್ಕಕ್ಕೆ ಹಾಕದೆ ತಕ್ಷಣ ಸೂಲಗಿತ್ತಿ ನರ್ಸಿಗೋ ವೈದ್ಯರಿಗೋ ತಿಳಿಸಬೇಕು.

ರಕ್ತಪರೀಕ್ಷೆಯನ್ನು ಸೆಪ್ಟೆಂಬರ್‌ನಲ್ಲಿಯೇ ಮಾಡಿಸಿಕೊಳ್ಳುವುದು ಒಳ್ಳೆಯದು. ಥೈರಾಯ್ಡ್ ಕೊರತೆ, ರಕ್ತಹೀನತೆ, ಕಬ್ಬಿಣದ ಕೊರತೆ, ಬಿ12 ಕೊರತೆ ಇವೆಲ್ಲ ಆಯಾಸವನ್ನೂ ಮಂಕನ್ನೂ ತರುತ್ತವೆ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯಂತೂ ಅಪರೂಪವಲ್ಲ. ಬಿ12 ಕೊರತೆಯನ್ನು ಹೊತ್ತುಕೊಂಡು ದೀಪದ ಮುಂದೆ ತಿಂಗಳುಗಟ್ಟಲೆ ಕೂತರೂ ಫಲವಿಲ್ಲ. ಸ್ವೀಡನ್ನಿನಲ್ಲಿ ಬಡಾವಣೆಯ ವೋರ್ಡ್‌ಸೆಂಟ್ರಾಲ್‌ನಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಮಯ ಕೇಳುವಾಗ "ಸ್ವಲ್ಪ ಸುಸ್ತು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಎಷ್ಟು ವಾರದಿಂದ, ಕಳೆದ ವರ್ಷ ಯಾವ ತಿಂಗಳಲ್ಲಿ, ಯಾವ ಕೆಲಸ ನಿಂತುಹೋಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮ್ಮವರು ಸಂಕೋಚದಿಂದ ಅರ್ಧ ನುಂಗಿ ಹೇಳುವ ಮಾತನ್ನು ಅಲ್ಲಿಯ ವೈದ್ಯರು ಅಷ್ಟಕ್ಕಷ್ಟೇ ತೆಗೆದುಕೊಳ್ಳುತ್ತಾರೆ.

## ಹಂತ 2: ದೀಪ ಯಾರಿಗೆ ಅಪಾಯ ಎಂದು ತಿಳಿಯುವುದು

ಈ ಹಂತವನ್ನು ಹಾರಿಸಿ ನೇರವಾಗಿ ಅಂಗಡಿಗೆ ಹೋಗುವವರೇ ಬಹಳ. ಮಧುಮೇಹವಿರುವವರು ಅಕ್ಷಿಪಟಲದ ಪರೀಕ್ಷೆ ಮಾಡಿಸದೆ ಬೆಳಕಿನ ಪೆಟ್ಟಿಗೆಯನ್ನು ಬಳಸಬಾರದು. ನಮ್ಮಲ್ಲಿ ನಲವತ್ತು ದಾಟಿದ ಎಷ್ಟೋ ಜನರಿಗೆ ಮಧುಮೇಹ ಇರುವುದರಿಂದ ಈ ಮಾತು ಹಲವು ಮನೆಗಳಿಗೆ ಅನ್ವಯಿಸುತ್ತದೆ. ಗ್ಲಾಕೋಮಾ, ಅಕ್ಷಿಪಟಲದ ಬೇರೆ ಕಾಯಿಲೆ, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿರುವವರೂ ಮೊದಲು ಕಣ್ಣಿನ ವೈದ್ಯರನ್ನು ಕೇಳಬೇಕು.

ಕೆಲವು ಔಷಧಗಳು ಕಣ್ಣು ಮತ್ತು ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತವೆ: ಲಿಥಿಯಂ, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್‌ಗಳು, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್, ಹೃದಯಬಡಿತಕ್ಕೆ ಕೊಡುವ ಅಮಿಯೊಡರೋನ್. ಚೀಟಿಯಿಲ್ಲದೆ ಸಿಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಮಾತ್ರೆಯೂ ಈ ಪಟ್ಟಿಯಲ್ಲಿದೆ, ಅದು ಖಿನ್ನತೆಯ ಮಾತ್ರೆಗಳೊಡನೆ ಸೇರಿ ಅಪಾಯ ತರುತ್ತದೆ ಮತ್ತು ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ.

ನಿಮಗಾಗಲಿ ನಿಮ್ಮ ಒಡಹುಟ್ಟಿದವರಿಗಾಗಲಿ ತಂದೆತಾಯಿಗಾಗಲಿ ಬೈಪೋಲಾರ್ ಕಾಯಿಲೆ (ಖಿನ್ನತೆಯೂ ಉನ್ಮಾದವೂ ಸರದಿಯಂತೆ ಬರುವ ಮನೋರೋಗ) ಇದ್ದಲ್ಲಿ ಮನೋವೈದ್ಯರ ಮೇಲ್ವಿಚಾರಣೆಯಿಲ್ಲದೆ ದೀಪವನ್ನು ಮುಟ್ಟಬೇಡಿ, ಪ್ರಖರ ಬೆಳಕು ಉನ್ಮಾದವನ್ನು ಕೆರಳಿಸಬಲ್ಲದು. "ನಮ್ಮ ದೊಡ್ಡಪ್ಪನಿಗೆ ಸ್ವಲ್ಪ ತಲೆ ಸರಿಯಿರಲಿಲ್ಲ" ಎಂದು ಮನೆಯಲ್ಲಿ ಪಿಸುಮಾತಿನಲ್ಲಿ ಹೇಳುವ ಸಂಗತಿ ವೈದ್ಯರಿಗೆ ಬಹಳ ಮುಖ್ಯವಾದ ಮಾಹಿತಿ. ಅಮ್ಮನಿಗೆ ಒಂದು ಫೋನು ಮಾಡಿ ಕೇಳಿ ತಿಳಿದುಕೊಳ್ಳಿ.

## ಹಂತ 3: ಏಳುವ ಹೊತ್ತನ್ನು ಕಟ್ಟಿಹಾಕುವುದು (ನವರಾತ್ರಿಯ ವೇಳೆಗೆ)

ದೀಪ ಕೊಳ್ಳುವ ಮೊದಲೇ ಈ ಕೆಲಸ ಆಗಬೇಕು. ಏಳುವ ಹೊತ್ತು ದಿನಕ್ಕೊಂದು ಬಗೆಯಾದರೆ ದೀಪದ ಹೊತ್ತೂ ದಿನಕ್ಕೊಂದು ಬಗೆಯಾಗುತ್ತದೆ, ಒಳಗಡಿಯಾರ ಯಾವ ಕಡೆಗೂ ಸರಿಯುವುದಿಲ್ಲ. ನವರಾತ್ರಿ ಬರುವುದು ಹಗಲು ರಾತ್ರಿ ಸಮನಾಗುವ ದಿನಗಳ ಆಸುಪಾಸಿನಲ್ಲಿ, ಅಲ್ಲಿಂದ ಮುಂದೆ ಕತ್ತಲು ಓಡೋಡಿ ಬರುತ್ತದೆ. ಹಬ್ಬದ ಆ ವಾರವನ್ನೇ ಗುರುತಾಗಿ ಇಟ್ಟುಕೊಂಡರೆ ಮರೆಯುವ ಪ್ರಮೇಯವಿಲ್ಲ.

ವಾರದ ಏಳೂ ದಿನ ಪಾಲಿಸಲು ಸಾಧ್ಯವಾಗುವ ಒಂದು ಹೊತ್ತನ್ನು ಆರಿಸಿ. ಈಗ ಎಂಟೂವರೆಗೆ ಏಳುವವರು ಏಕಾಏಕಿ ಆರಕ್ಕೆ ಎದ್ದರೆ ಮೂರು ದಿನದಲ್ಲಿ ಕೈಬಿಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತನ್ನಿ. ಅಲಾರಾಂ ಗಡಿಯಾರವನ್ನು ಹಾಸಿಗೆಯಿಂದ ಎದ್ದು ನಡೆದರೆ ಮಾತ್ರ ಸಿಗುವಷ್ಟು ದೂರದಲ್ಲಿಡಿ. ಭಾನುವಾರದ ರಿಯಾಯಿತಿ ಅರ್ಧ ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. "ಒಂದು ಗಂಟೆ ನಿದ್ರೆ ಲಾಭ" ಎಂದು ಹಿಗ್ಗಿ ಆ ವಾರ ತಡವಾಗಿ ಮಲಗಿದವರ ಕ್ರಮ ಅಲ್ಲಿಯೇ ಮುರಿಯುತ್ತದೆ.

## ಹಂತ 4: ದೀಪವನ್ನು ಆರಿಸುವುದು

ಡಬ್ಬಿಯ ಮೇಲೆ "10,000 ಲಕ್ಸ್" ಎಂದು ಬರೆದಿದ್ದರೆ ಅಷ್ಟಕ್ಕೆ ಒಪ್ಪಬೇಡಿ. ಎಷ್ಟು ದೂರದಲ್ಲಿ 10,000 ಎಂಬುದೇ ಮುಖ್ಯ. ಪುಸ್ತಕದಷ್ಟು ಚಿಕ್ಕದಾದ ಅಗ್ಗದ ದೀಪಗಳು ಆ ಪ್ರಮಾಣವನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಮಾತ್ರ ಕೊಡುತ್ತವೆ, ಹಾಗೆ ಅರ್ಧ ಗಂಟೆ ಮುಖವಿಟ್ಟು ಕೂರಲು ಯಾರಿಂದಲೂ ಆಗುವುದಿಲ್ಲ. 30 ಸೆಂಟಿಮೀಟರಿನಲ್ಲಿ 10,000 ಲಕ್ಸ್ ಕೊಡುವ ಚಿಕ್ಕ ದೀಪವನ್ನು 60 ಸೆಂಟಿಮೀಟರಿಗೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. 40ರಿಂದ 60 ಸೆಂಟಿಮೀಟರ್ ದೂರದಲ್ಲಿ 10,000 ಲಕ್ಸ್ ಕೊಡುವ, ಅಗಲವಾದ ಮುಖವಿರುವ ದೀಪವನ್ನೇ ಕೊಳ್ಳಿ. ಅಗಲವಿದ್ದರೆ ನಾವು ತಲೆ ಅತ್ತಿತ್ತ ಆಡಿಸಿದಾಗಲೂ ಬೆಳಕು ತಪ್ಪುವುದಿಲ್ಲ.

ಅತಿನೇರಳೆ ಕಿರಣಗಳನ್ನು ಸೋಸುವ ಪರದೆ ಇರಲೇಬೇಕು. ಚರ್ಮವನ್ನು ಕಂದಿಸುವ ಟ್ಯಾನಿಂಗ್ ದೀಪಗಳು ಬೇರೆಯೇ ವಸ್ತು, ಅವುಗಳನ್ನು ಇದಕ್ಕೆ ಬಳಸಿದರೆ ಕಣ್ಣಿಗೆ ಹಾನಿ ಖಂಡಿತ. ವಾಟ್, ಲ್ಯೂಮೆನ್, ಕೆಲ್ವಿನ್ ಅಂಕಿಗಳನ್ನು ತೋರಿಸಿ ಲಕ್ಸ್ ಹೇಳದ ದೀಪವನ್ನು ಬಿಟ್ಟುಬಿಡಿ. ನೀಲಿ ಬೆಳಕಿನ ದೀಪ ಬೇಕಿಲ್ಲ, ಬಿಳಿಯದೇ ಸಾಕು.

ನಸುಕಿನಂತೆ ಮೆಲ್ಲಗೆ ಬೆಳಗುವ ಅಲಾರಾಂ ದೀಪಗಳೂ ಇವೆ. ಅಲಾರಾಂ ಹೊಡೆಯುವ ಮುನ್ನ ಅರ್ಧ ಗಂಟೆಯಿಂದ ನಿಧಾನವಾಗಿ ಬೆಳಕು ಏರಿಸುವ ಇವು ಏಳುವುದನ್ನು ಸುಲಭಗೊಳಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಹಣ ಒಂದಕ್ಕೇ ಇದ್ದರೆ ದೊಡ್ಡ ದೀಪ ಮೊದಲು.

## ಹಂತ 5: ದೀಪದ ಮುಂದೆ ಕೂರುವುದು (ಅಕ್ಟೋಬರ್ ಮೊದಲ ವಾರದಿಂದ)

ಲಕ್ಷಣಗಳು ಬರುವವರೆಗೆ ಕಾಯಬೇಡಿ. ನವೆಂಬರಿನಲ್ಲಿ ಕುಸಿಯುವವರು ಅಕ್ಟೋಬರಿನಲ್ಲಿ ಆರಂಭಿಸಬೇಕು. ಒಮ್ಮೆ ಕುಸಿದ ಮೇಲೆ ದೀಪದ ಗುಂಡಿ ಒತ್ತುವುದಕ್ಕೂ ಮನಸ್ಸು ಬರುವುದಿಲ್ಲ.

ಹೊತ್ತು: ಎದ್ದ ಒಂದು ಗಂಟೆಯೊಳಗೆ. ಅವಧಿ: 10,000 ಲಕ್ಸ್ ಆದರೆ 30 ನಿಮಿಷ, 5,000 ಆದರೆ ಒಂದು ಗಂಟೆ, 2,500 ಆದರೆ ಎರಡು ಗಂಟೆ. ಮೊದಲ ದಿನ 10 ನಿಮಿಷಕ್ಕೆ ಆರಂಭಿಸಿ ಒಂದು ವಾರದಲ್ಲಿ 30ಕ್ಕೆ ಏರಿಸಿ.

ಜಾಗ: ನೀವು ದಿನವೂ ತಿಂಡಿ ತಿನ್ನುವ ಮೇಜು. ದೀಪವನ್ನು ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ, ಮುಖಕ್ಕೆ ಎದುರಾಗಿ ಅಥವಾ ಸ್ವಲ್ಪ ಓರೆಯಾಗಿ ಇಡಿ, ದೂರವನ್ನು ಟೇಪಿನಲ್ಲಿ ಅಳೆಯಿರಿ. ಕುರ್ಚಿಯ ಕಾಲು ಎಲ್ಲಿರಬೇಕೆಂದು ನೆಲದ ಮೇಲೆ ಅಂಟುಪಟ್ಟಿಯಿಂದ ಗುರುತು ಮಾಡಿಕೊಂಡರೆ ದಿನವೂ ಅಳೆಯುವ ತೊಂದರೆಯಿಲ್ಲ. ದೀಪವನ್ನೇ ದಿಟ್ಟಿಸಬಾರದು. ಕಣ್ಣು ತೆರೆದಿರಬೇಕು, ದೃಷ್ಟಿ ತಟ್ಟೆಯ ಮೇಲೋ ಪತ್ರಿಕೆಯ ಮೇಲೋ ಇರಬೇಕು. ಕಣ್ಣು ಮುಚ್ಚಿ ಜಪ ಮಾಡುವವರು ಜಪವನ್ನು ಮುಗಿಸಿಕೊಂಡು ಬಂದು ಕೂರಲಿ. ಬೆಳಕಿಗೆ ಕಪ್ಪಾಗುವ ಕನ್ನಡಕವನ್ನು ತೆಗೆದಿಡಿ.

ಕಾಫಿ, ಉಪ್ಪಿಟ್ಟು, ಊರಿಗೆ ಫೋನು ಈ ಮೂರನ್ನೂ ದೀಪದ ಮುಂದೆಯೇ ಮುಗಿಸಬಹುದು. ಚಳಿಗಾಲದಲ್ಲಿ ಸ್ಟಾಕ್‌ಹೋಮ್‌ಗೂ ಭಾರತಕ್ಕೂ ನಾಲ್ಕೂವರೆ ಗಂಟೆಯ ಅಂತರವಿರುವುದರಿಂದ ಇಲ್ಲಿ ಏಳು ಗಂಟೆಯಾದಾಗ ಅಲ್ಲಿ ಹನ್ನೊಂದೂವರೆ. ಬೆಂಗಳೂರಿನ ತಂಡದೊಡನೆ ಬೆಳಗಿನ ಮೀಟಿಂಗ್ ಇರುವವರಿಗಂತೂ ಇದು ಕೂಡಿಬಂದ ಅನುಕೂಲ.

ಸಾಮಾನ್ಯವಾಗಿ ಮೂರು ನಾಲ್ಕು ದಿನಕ್ಕೆ ಬೆಳಗಿನ ಜಡ ಸ್ವಲ್ಪ ಸಡಿಲವಾಗುತ್ತದೆ, ಮನಸ್ಸು ಹಗುರಾಗಲು ಒಂದೆರಡು ವಾರ ಬೇಕು. ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಬರೆಯಿರಿ: ಎದ್ದ ಹೊತ್ತು, ದೀಪದ ನಿಮಿಷ, ಹೊರಗೆ ಕಳೆದ ನಿಮಿಷ, ಮನಸ್ಥಿತಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಖಿನ್ನತೆಯಲ್ಲಿರುವ ಮನಸ್ಸು "ಏನೂ ಬದಲಾಗಿಲ್ಲ" ಎಂದೇ ಹೇಳುತ್ತದೆ, ಅಂಕಿಗಳನ್ನು ನೋಡಿದಾಗ ಮೂರು ಇದ್ದದ್ದು ಐದಾಗಿರುವುದು ತಿಳಿಯುತ್ತದೆ.

ಈ ಹಂತದಲ್ಲಿ ಆಗುವ ತಪ್ಪುಗಳು ಬಹುತೇಕ ಇವೇ. ಸಂಜೆ ಉರಿಸುವುದು: ಇದು ಒಳಗಡಿಯಾರವನ್ನು ಇನ್ನಷ್ಟು ಹಿಂದೆ ತಳ್ಳಿ ನಿದ್ರೆಯನ್ನು ಕೆಡಿಸುತ್ತದೆ. ನಾಲ್ಕು ದಿನಕ್ಕೆ ಬಿಡುವುದು. ಹಗುರಾದ ಕೂಡಲೇ ಬಿಡುವುದು: ಇದು ಎಲ್ಲಕ್ಕಿಂತ ದೊಡ್ಡ ತಪ್ಪು, ಬಿಟ್ಟ ಕೆಲವೇ ದಿನಗಳಲ್ಲಿ ಹಳೆಯ ಸ್ಥಿತಿ ಮರಳುತ್ತದೆ. ಇನ್ನೊಂದು, ಅಡುಗೆಮನೆಯಲ್ಲಿ ಓಡಾಡುತ್ತ ದೀಪ ಉರಿಯುತ್ತಿದೆಯಲ್ಲ ಎಂದು ಲೆಕ್ಕ ಹಿಡಿಯುವುದು. ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿರುವ ತಾಯಂದಿರಿಗೆ ಈ ತಪ್ಪು ಬಿಡಿಸುವುದು ಕಷ್ಟ. ಆ ಅರ್ಧ ಗಂಟೆ ಮಕ್ಕಳ ಡಬ್ಬಿಯನ್ನು ಗಂಡ ಕಟ್ಟಲಿ ಎಂಬುದಷ್ಟೇ ನನ್ನ ಪರಿಹಾರ.

ತಲೆನೋವು, ಕಣ್ಣುರಿ, ವಾಕರಿಕೆ, ಒಂದು ಬಗೆಯ ಚಡಪಡಿಕೆ ಬಂದರೆ ಅವಧಿಯನ್ನು ಅರ್ಧಕ್ಕೆ ಇಳಿಸಿ ಮತ್ತೆ ನಿಧಾನವಾಗಿ ಏರಿಸಿ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗತೊಡಗಿದರೆ ದೀಪದ ಹೊತ್ತನ್ನು ತುಸು ಮುಂದಕ್ಕೆ ಹಾಕಿ. ಮೂರು ನಾಲ್ಕು ವಾರ ತಪ್ಪಿಲ್ಲದೆ ಪಾಲಿಸಿದರೂ ಬದಲಾವಣೆ ಕಾಣದಿದ್ದರೆ ವೈದ್ಯರ ಬಳಿಗೆ ಮರಳಬೇಕು.

## ಹಂತ 6: ನಡುಹಗಲಿನಲ್ಲಿ ಹೊರಗೆ ನಡೆಯುವುದು

ದೀಪವಿದ್ದರೂ ನಡಿಗೆ ಬೇಕು. ಹನ್ನೊಂದರಿಂದ ಒಂದು ಗಂಟೆಯ ನಡುವೆ ಅರ್ಧ ಗಂಟೆ, ಮೋಡವಿದ್ದರೂ ಸರಿ. ಊಟದ ಬಿಡುವನ್ನು ಕ್ಯಾಲೆಂಡರಿನಲ್ಲಿ ಮೀಟಿಂಗ್‌ನಂತೆಯೇ ಕಾದಿರಿಸಿಕೊಳ್ಳಿ, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರ ಮೀಟಿಂಗ್ ಬಂದು ಕೂರುತ್ತದೆ. ಕಿಟಕಿಯ ಪಕ್ಕದ ಕುರ್ಚಿ ಇದಕ್ಕೆ ಸಮವಲ್ಲ, ಗಾಜಿನಿಂದ ಒಂದೆರಡು ಮೀಟರ್ ಒಳಗೆ ಬಂದರೆ ಬೆಳಕು ಬಹಳಷ್ಟು ಇಳಿದಿರುತ್ತದೆ.

ನಮ್ಮವರು ನಡಿಗೆ ಬಿಡುವುದಕ್ಕೆ ಚಳಿಗಿಂತ ಜಾರುವ ಭಯವೇ ಹೆಚ್ಚಿನ ಕಾರಣ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ದಾರಿಯಲ್ಲಿ ಒಮ್ಮೆ ಬಿದ್ದವರು ಮಾರ್ಚ್‌ವರೆಗೆ ಹೊರಗೆ ಕಾಲಿಡುವುದಿಲ್ಲ. ಆದ್ದರಿಂದ ಬ್ರೊದ್ದರ್ ಅನ್ನು ಮೊದಲ ಹಿಮ ಬೀಳುವ ಮುನ್ನವೇ ಬಾಗಿಲ ಬಳಿ ತೂಗುಹಾಕಿರಬೇಕು, ಅಂಗಡಿಯ ನಯವಾದ ನೆಲದ ಮೇಲೆ ಅದನ್ನು ಬಿಚ್ಚಿಕೊಳ್ಳಬೇಕು.

## ಹಂತ 7: ಸಂಜೆ, ಊಟ, ವಿಟಮಿನ್ ಡಿ

ಮಲಗುವ ಎರಡು ಗಂಟೆ ಮುಂಚೆ ಮನೆಯ ದೀಪಗಳನ್ನು ಮಂದಗೊಳಿಸಿ. ಮಧ್ಯಾಹ್ನ ಎರಡು ಗಂಟೆಯ ನಂತರ ಕಾಫಿ ಬೇಡ; ಮೂರಕ್ಕೇ ಕತ್ತಲಾಗುವ ಊರಿನಲ್ಲಿ ಸಂಜೆಯ ಕಾಫಿಯ ಆಸೆ ಎಷ್ಟು ಬಲವಾದದ್ದೆಂದು ಬಲ್ಲೆ. ಮದ್ಯ ಆ ಕ್ಷಣಕ್ಕೆ ಹಗುರವೆನಿಸಿದರೂ ನಿದ್ರೆಯನ್ನು ಒಡೆದು ಮರುದಿನವನ್ನು ಇನ್ನಷ್ಟು ಮಂಕಾಗಿಸುತ್ತದೆ. ಸಿಹಿಯ ಆಸೆಯನ್ನು ಪೂರ್ತಿ ಅದುಮುವ ಬದಲು, ಮಧ್ಯಾಹ್ನದ ಊಟದಲ್ಲಿ ಹುಳಿ, ಕಾಳುಪಲ್ಯ, ಮೊಸರು, ಮೊಟ್ಟೆಯಂಥ ಪೌಷ್ಟಿಕ ಆಹಾರ ಸಾಕಷ್ಟಿದ್ದರೆ ನಾಲ್ಕು ಗಂಟೆಯ ಬಿಸ್ಕತ್ತಿನ ಪೊಟ್ಟಣ ತಾನಾಗಿ ದೂರವಾಗುತ್ತದೆ.

ವಿಟಮಿನ್ ಡಿ ವಿಷಯದಲ್ಲಿ ಎರಡು ಮಾತು. ಇಷ್ಟು ಉತ್ತರದಲ್ಲಿ ಚಳಿಗಾಲದ ಬಿಸಿಲಿನಿಂದ ಚರ್ಮ ಅದನ್ನು ತಯಾರಿಸಲಾರದು, ಕಂದು ಚರ್ಮದವರಿಗೆ ಬೇಸಿಗೆಯಲ್ಲೂ ಹೆಚ್ಚು ಬಿಸಿಲು ಬೇಕು. ಬ್ರಿಟನ್ನಿನ ಆರೋಗ್ಯ ಸೇವೆ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ಸೂಚಿಸುತ್ತದೆ. ಇದು ಮೂಳೆ ಮತ್ತು ಸ್ನಾಯುಗಳಿಗಾಗಿ. ಚಳಿಗಾಲದ ಖಿನ್ನತೆಯನ್ನು ಇದೊಂದೇ ವಾಸಿಮಾಡುತ್ತದೆ ಎನ್ನುವಷ್ಟು ಆಧಾರವಿಲ್ಲ. ಬೆಳಕಿನ ಪೆಟ್ಟಿಗೆಯಿಂದ ವಿಟಮಿನ್ ಡಿ ಬರುವುದೂ ಇಲ್ಲ. ಎರಡನೆಯದು, ಊರಿನಿಂದ ತರುವ 60,000 ಯೂನಿಟ್ಟಿನ ಸ್ಯಾಶೆಗಳು. ಕೊರತೆ ಖಚಿತವಾದವರಿಗೆ ಕೆಲವು ವಾರಗಳ ಮಟ್ಟಿಗೆ, ವಾರಕ್ಕೊಂದರಂತೆ ವೈದ್ಯರು ಬರೆದುಕೊಡುವ ಪ್ರಮಾಣವದು. ಪರೀಕ್ಷೆಯಿಲ್ಲದೆ ಮನಬಂದಂತೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ.

## ಹಂತ 8: ಜನ, ಆಲೋಚನೆ, ಔಷಧ

ವಾರಕ್ಕೆ ಎರಡು ಸಂಜೆಯನ್ನು ಬೇರೆಯವರೊಡನೆ ಕಳೆಯುವ ಏರ್ಪಾಡನ್ನು ಅಕ್ಟೋಬರಿನಲ್ಲಿಯೇ ಮಾಡಿಕೊಳ್ಳಿ: ಬ್ಯಾಡ್ಮಿಂಟನ್, ಭಾಷೆಯ ತರಗತಿ, ಭಜನೆ, ಕನ್ನಡ ಕೂಟದ ನಾಟಕದ ತಾಲೀಮು, ಯಾವುದಾದರೂ ಸರಿ. ನೀವು ಬರದಿದ್ದರೆ ಇನ್ನೊಬ್ಬರಿಗೆ ತೊಂದರೆಯಾಗುವಂಥ ಏರ್ಪಾಡಾದರೆ ಇನ್ನೂ ಒಳ್ಳೆಯದು. ಮನಸ್ಸು ಬಂದಾಗ ಹೋಗುತ್ತೇನೆ ಎಂದು ಕಾದರೆ ಫೆಬ್ರವರಿಯವರೆಗೆ ಅದು ಬರುವುದಿಲ್ಲ. ಹೋಗಿ ಬಂದ ಮೇಲೆ ಬರುತ್ತದೆ.

ಆಲೋಚನೆಯ ಧಾಟಿಯನ್ನು ತಿದ್ದುವ ಚಿಕಿತ್ಸೆ ಇಲ್ಲಿ ನಿಜಕ್ಕೂ ಉಪಯುಕ್ತ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಕೆಲ್ಲಿ ರೋಹನ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀಪದ ಚಿಕಿತ್ಸೆ ಪಡೆದವರಿಗಿಂತ ಈ ಮಾತಿನ ಚಿಕಿತ್ಸೆ ಪಡೆದವರಲ್ಲಿ ಎರಡು ಚಳಿಗಾಲಗಳ ನಂತರ ಖಿನ್ನತೆ ಮರುಕಳಿಸಿದ್ದು ಕಡಿಮೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಕಲಿತ ವಿದ್ಯೆ ಜೊತೆಗಿರುತ್ತದೆ, ದೀಪವನ್ನು ಮಾತ್ರ ಪ್ರತಿ ವರ್ಷ ಮತ್ತೆ ಹಚ್ಚಬೇಕು.

ಔಷಧದ ವಿಷಯದಲ್ಲಿ ಅಂಜಿಕೆ ಬೇಡ. 2006ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ದೀಪ ಮತ್ತು ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಸರಿಸುಮಾರು ಸಮನಾದ ಫಲ ಕೊಟ್ಟವು. ಬುಪ್ರೊಪಿಯಾನ್ ಎಂಬ ಮಾತ್ರೆಯನ್ನು ಶರತ್ಕಾಲದಲ್ಲಿ ಆರಂಭಿಸಿ ಖಿನ್ನತೆ ಬಾರದಂತೆ ತಡೆಯುವುದಕ್ಕೆ ಅಮೆರಿಕದಲ್ಲಿ ಅದೇ ವರ್ಷ ಅನುಮತಿ ದೊರೆಯಿತು. ಆರಂಭಿಸುವುದೂ ನಿಲ್ಲಿಸುವುದೂ ವೈದ್ಯರ ಮಾತಿನಂತೆಯೇ ಆಗಬೇಕು.

## ಹಂತ 9: ಊರಿಗೆ ಹೋಗಿ ಬಂದ ಮೇಲಿನ ವಾರ

ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋದವರು ಅಲ್ಲಿ ಸಂಪೂರ್ಣ ಗುಣವಾದಂತೆ ಇರುತ್ತಾರೆ. ಬಿಸಿಲಿನಲ್ಲಿ ದೀಪ ಬೇಕಿಲ್ಲ, ಸರಿ. ಜನವರಿಯಲ್ಲಿ ಮರಳಿದಾಗ "ನನಗೀಗ ಏನೂ ಇಲ್ಲ" ಎಂದು ದೀಪವನ್ನು ಮತ್ತೆ ಹಚ್ಚದಿರುವುದೇ ತಪ್ಪು. ಸಂಕ್ರಾಂತಿ ಕಳೆದ ಒಂದೆರಡು ವಾರದಲ್ಲಿ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಇಂಥವರವು.

ಮರಳಿದ ಮೊದಲ ದಿನಗಳಲ್ಲಿ ಊರಿನ ಹೊತ್ತಿಗೆ ಸರಿಯಾಗಿ ಬೆಳಗಿನ ಮೂರಕ್ಕೆ ಎಚ್ಚರವಾಗುತ್ತದೆ. ಆಗ ದೀಪ ಹಚ್ಚಬೇಡಿ, ಹಚ್ಚಿದರೆ ದೇಹ ಊರಿನ ಹೊತ್ತಿಗೇ ಅಂಟಿಕೊಳ್ಳುತ್ತದೆ. ಕತ್ತಲಲ್ಲಿಯೇ ಮಲಗಿದ್ದು, ನಿಗದಿಯಾದ ಹೊತ್ತಿಗೆ ಎದ್ದು ದೀಪದ ಮುಂದೆ ಕೂರಿ. ದೇಹ ಬೇಗ ಏಳಲು ಸಿದ್ಧವಾಗಿರುವ ಈ ವಾರ ಏಳುವ ಹೊತ್ತನ್ನು ಮತ್ತೆ ಕಟ್ಟಿಹಾಕುವುದಕ್ಕೆ ವರ್ಷದಲ್ಲೇ ಸುಲಭವಾದ ವಾರ.

## ಅಪಾಯದ ಸೂಚನೆಗಳು

ಕೆಳಗಿನ ಯಾವುದು ಕಂಡರೂ ಮನೆಮಟ್ಟದ ಉಪಾಯಗಳನ್ನು ಅಲ್ಲಿಗೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಎರಡು ವಾರಕ್ಕೂ ಮೀರಿ ಕೆಲಸಕ್ಕೆ ಹೋಗಲಾಗದಿರುವುದು, ಸ್ನಾನ ಊಟಗಳೂ ತಪ್ಪುವುದು, ಮಕ್ಕಳನ್ನು ನೋಡಿಕೊಳ್ಳಲಾಗದಿರುವುದು. ದೀಪ ಆರಂಭಿಸಿದ ಮೇಲೆ ನಿದ್ರೆ ಮೂರು ನಾಲ್ಕು ಗಂಟೆಗೆ ಇಳಿದರೂ ದಣಿವಾಗದಿರುವುದು, ಮಾತು ಓಡುವುದು, ಸಿಕ್ಕಿದ್ದಕ್ಕೆಲ್ಲ ಹಣ ಚೆಲ್ಲುವುದು: ಇದು ಗುಣವಾದ ಲಕ್ಷಣದಂತೆ ಕಾಣುವ ಉನ್ಮಾದ, ದೀಪವನ್ನು ಆ ದಿನವೇ ನಿಲ್ಲಿಸಿ. ಕಣ್ಣಿನಲ್ಲಿ ನೋವು ಅಥವಾ ದೃಷ್ಟಿಯಲ್ಲಿ ಬದಲಾವಣೆ. ಏಪ್ರಿಲ್ ಕಳೆದರೂ ಮಂಕು ಬಿಡದಿರುವುದು.

ಬದುಕು ಬೇಡ, ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂಬ ಯೋಚನೆ ಬಂದರೆ ಬೆಳಗಾಗುವವರೆಗೆ ಕಾಯಬಾರದು. ಯುರೋಪಿನಲ್ಲಿ ತುರ್ತು ಸಂಖ್ಯೆ 112. ಸ್ವೀಡನ್ನಿನಲ್ಲಿ ಆತ್ಮಹತ್ಯೆ ತಡೆ ಸಹಾಯವಾಣಿ 90101, ಆರೋಗ್ಯ ಸಲಹೆಗೆ 1177. ಬ್ರಿಟನ್ನಿನಲ್ಲಿ 116 123, ಅಮೆರಿಕ ಮತ್ತು ಕೆನಡಾಗಳಲ್ಲಿ 988. ಭಾರತದೊಳಗಿನಿಂದ ಟೆಲಿ ಮಾನಸ್ ಸಂಖ್ಯೆ 14416, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಜೊತೆಯಲ್ಲಿರುವವರು "ಹಾಗೆಲ್ಲ ಯೋಚಿಸಬಾರದು, ದೇವರ ನಾಮ ಹೇಳಿಕೋ" ಎಂದು ಮಾತು ಮುಗಿಸಬೇಡಿ. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರನ್ನೇ ಬಿಡದೆ ಫೋನನ್ನು ನೀವೇ ಮಾಡಿ.

## ಹಂತ 10: ಯುಗಾದಿಯ ವೇಳೆಗೆ ನಿಲ್ಲಿಸುವುದು

ಮಾರ್ಚ್ ಬಂದ ಕೂಡಲೇ ದೀಪವನ್ನು ಎತ್ತಿಡಬೇಡಿ. ನೀವು ಏಳುವ ಹೊತ್ತಿಗೆ ಹೊರಗೆ ಪೂರ್ತಿ ಬೆಳಕಾಗಿರುವುದು ಎರಡು ವಾರ ಸತತವಾಗಿ ಕಂಡ ಮೇಲೆ, ವಾರಕ್ಕೆ 10 ನಿಮಿಷದಂತೆ ಇಳಿಸಿ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಾಗಿ ಬೆಳಗಿನ ಹೊತ್ತು ಮತ್ತೆ ಕತ್ತಲಾಗುವುದರಿಂದ ಆ ವಾರ ಇಳಿಸುವುದನ್ನು ತಡೆಹಿಡಿಯಿರಿ. ಬೇಸಿಗೆಯಲ್ಲಿ ಇದೇ ತೊಂದರೆ ತಿರುವುಮುರುವಾಗಿ ಬರುತ್ತದೆ, ರಾತ್ರಿ ಹತ್ತಕ್ಕೂ ಬೆಳಕಿರುವ ದಿನಗಳಿಗೆ ದಪ್ಪ ಪರದೆಯನ್ನು ಏಪ್ರಿಲಿನಲ್ಲೇ ಕೊಂಡಿಡಿ.

ದೀಪವನ್ನು ಡಬ್ಬಿಗೆ ಹಾಕುವ ಮುನ್ನ ನೋಟ್‌ಬುಕ್ಕನ್ನು ಒಮ್ಮೆ ತಿರುವಿ, ಮನಸ್ಥಿತಿಯ ಅಂಕಿ ಮೊದಲ ಬಾರಿ ಐದಕ್ಕಿಂತ ಕೆಳಗಿಳಿದ ದಿನಾಂಕವನ್ನು ಹುಡುಕಿ. ಅದಕ್ಕಿಂತ ಮೂರು ವಾರ ಹಿಂದಿನ ದಿನಾಂಕವನ್ನು ಮುಂದಿನ ಶರತ್ಕಾಲದ ಆರಂಭದ ದಿನವೆಂದು ಡಬ್ಬಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದಿಡಿ.